ಅಜ್ಜಿ ಒತ್ತದ ಗುಂಡಿ

ನಮ್ಮ ಭಾಷೆಯಲ್ಲಿ ‘ಗುಂಡಿ’ ಎಂಬ ಮಾತಿಗೆ ಎರಡು ಅರ್ಥಗಳಿವೆ. ಅಂಗಿಗೆ ಹಾಕುವುದೂ ಗುಂಡಿಯೇ, ನಡೆಯುವಾಗ ಕಾಲು ಹಾಕಿ ಬೀಳುವುದೂ ಗುಂಡಿಗೇ. ಮೊದಲನೆಯದು ಮಾನವನ್ನು ಕಾಪಾಡುತ್ತದೆ. ಎರಡನೆಯದು ಸೊಂಟವನ್ನು ಮುರಿಯುತ್ತದೆ. ಈಚೆಗೆ ಮೂರನೆಯ ಬಗೆಯ ಗುಂಡಿಯೊಂದು ನಮ್ಮ ಮನೆಗೆ ಬಂದಿತು. ಅದು ಒತ್ತುವ ಗುಂಡಿ. ಸೊಂಟ ಮುರಿದಾಗ ಒತ್ತುವುದಕ್ಕೆಂದೇ ಮಾಡಿದ್ದು. ನಮ್ಮಜ್ಜಿಯ ಸೊಂಟವೂ ಮುರಿಯಿತು, ಗುಂಡಿಯೂ ಅವಳ ಕೊರಳಿನಲ್ಲಿಯೇ ಇತ್ತು. ಆದರೆ ಅವಳು ಅದನ್ನು ಒತ್ತಲಿಲ್ಲ. ಏಕೆ ಒತ್ತಲಿಲ್ಲವೆಂಬುದನ್ನು ಹೇಳುವುದಕ್ಕಾಗಿಯೇ ಈ ಲೇಖನ. ಹೇಳುತ್ತ ಹೋದರೆ ನನ್ನ ತಪ್ಪೂ ಹೊರಬೀಳುತ್ತದೆ. ಅಧ್ಯಾಪಕರು ಓದುವ ಸಂಚಿಕೆಯಲ್ಲಿ ತಪ್ಪೊಪ್ಪಿಕೊಳ್ಳುವುದು ಜಾಣತನವಲ್ಲವೆಂದು ಮಿತ್ರರು ಎಚ್ಚರಿಸಿದ್ದಾರೆ. ಆದರೂ ಬರೆಯುತ್ತಿದ್ದೇನೆ.

ಮೊದಲು ನಮ್ಮ ಮನೆಯ ಪರಿಚಯ ಮಾಡಿಕೊಡಬೇಕು. ಅರಸೀಕೆರೆಯಲ್ಲಿ ರೈಲ್ವೆ ನಿಲ್ದಾಣದ ಹಿಂದುಗಡೆಯ ಬೀದಿಯಲ್ಲಿ ನಮ್ಮದೊಂದು ಹಂಚಿನ ಮನೆ. ನಮ್ಮ ತಾತ ರೈಲ್ವೆಯಲ್ಲಿ ಪಾಯಿಂಟ್ಸ್‌ಮನ್ ಆಗಿದ್ದವರು. ನಿವೃತ್ತರಾದ ಮೇಲೆ ಕಟ್ಟಿಸಿದ ಮನೆ ಇದು. ಅವರು ತೀರಿಕೊಂಡು ಬಹಳ ವರ್ಷಗಳಾದುವು. ಅಪ್ಪ ಅಮ್ಮ ಹಳ್ಳಿಯಲ್ಲಿ ತೆಂಗಿನ ತೋಟ ನೋಡಿಕೊಂಡಿದ್ದಾರೆ. ಚಿಕ್ಕಪ್ಪ ಬೆಂಗಳೂರಿನ ಒಂದು ಕಂಪೆನಿಯಲ್ಲಿದ್ದಾರೆ. ಕಾಲೇಜಿಗೆ ಹತ್ತಿರವೆಂಬ ಕಾರಣದಿಂದ ನಾನು ಅಜ್ಜಿಯ ಮನೆಯಲ್ಲಿದ್ದೇನೆ. ‘ಮೊಮ್ಮಗ ಅಜ್ಜಿಯನ್ನು ನೋಡಿಕೊಳ್ಳುತ್ತಿದ್ದಾನೆ’ ಎಂದು ನೆಂಟರೆಲ್ಲ ಹೇಳಿಕೊಳ್ಳುತ್ತಾರೆ. ಬೆಳಗ್ಗೆ ನನ್ನನ್ನು ಎಬ್ಬಿಸುವವಳು, ಮುದ್ದೆ ತೊಳಸುವವಳು, ನನ್ನ ಅಂಗಿಗೆ ಗುಂಡಿ ಹೊಲಿಯುವವಳು ಎಲ್ಲ ಅಜ್ಜಿಯೇ ಆದ್ದರಿಂದ, ಯಾರು ಯಾರನ್ನು ನೋಡಿಕೊಳ್ಳುತ್ತಿದ್ದರೆಂಬುದನ್ನು ವಾಚಕರ ವಿವೇಚನೆಗೇ ಬಿಡುತ್ತೇನೆ.

ಅಜ್ಜಿ ಯಂತ್ರದ್ವೇಷಿಯೆಂದು ಯಾರೂ ಭಾವಿಸಬಾರದು. ನಮ್ಮ ಬೀದಿಯಲ್ಲಿ ಮೊಟ್ಟಮೊದಲು ಮಿಕ್ಸಿ ಕೊಂಡವಳು ಅವಳೇ. ಮಿಕ್ಸಿ ಒಳಗೆ ಬಂದ ದಿನವೇ ಒರಳುಕಲ್ಲು ಹಿತ್ತಲು ಸೇರಿತು. ಚಿಕ್ಕಪ್ಪ ಊರಿಗೆ ಬಂದಾಗಲೆಲ್ಲ, ‘ಏನೇ ಹೇಳಮ್ಮ, ಒರಳಲ್ಲಿ ರುಬ್ಬಿದ ಚಟ್ನಿಯ ರುಚಿಯೇ ಬೇರೆ’ ಎಂದು ನಿಟ್ಟುಸಿರು ಬಿಡುವುದುಂಟು. ಅದಕ್ಕೆ ಅಜ್ಜಿಯ ಉತ್ತರ ಒಂದೇ: ‘ಒರಳ ಹೊಗಳೋರು ಯಾರೂ ರುಬ್ಬಿದೋರಲ್ಲ ಕಣಪ್ಪ.’ ಮುದುಕರಿಗೆ ಹೊಸದೆಂದರೆ ಆಗದು, ಅವರು ಹಳೆಯದಕ್ಕೇ ಅಂಟಿಕೊಳ್ಳುತ್ತಾರೆ ಎಂದು ನಾವು ಸಲೀಸಾಗಿ ಹೇಳಿಬಿಡುತ್ತೇವೆ. ನಾನು ಹತ್ತಿರದಿಂದ ನೋಡಿದ ಮಟ್ಟಿಗೆ ಈ ಮಾತು ಸುಳ್ಳು. ಯಂತ್ರ ಹೊಸದೋ ಹಳೆಯದೋ ಎಂಬುದು ಅಜ್ಜಿಯ ಪ್ರಶ್ನೆಯೇ ಅಲ್ಲ. ಅವಳ ಪ್ರಶ್ನೆ ಬೇರೊಂದು. ಅದೇನೆಂಬುದು ನನಗೆ ಅರ್ಥವಾಗುವುದಕ್ಕೆ ನಾಲ್ಕು ಯಂತ್ರಗಳು ಬೇಕಾದುವು.

ಮೊದಲನೆಯದು ಕಿವಿಯ ಯಂತ್ರ. 2019ರಲ್ಲಿ ಅಜ್ಜಿಗೆ ಕಿವಿ ಬಹಳ ಮಂದವಾಯಿತು. ನಾವು ‘ಅನ್ನ’ ಎಂದರೆ ಅವಳು ‘ಅಣ್ಣ ಬಂದ್ನಾ?’ ಎಂದು ಬಾಗಿಲಿಗೆ ಹೋಗುತ್ತಿದ್ದಳು. ಅಪ್ಪ ಅವಳನ್ನು ಮೈಸೂರಿಗೆ ಕರೆದುಕೊಂಡು ಹೋದರು. ಜೊತೆಗೆ ನಾನೂ ಹೋದೆ. ಅಲ್ಲಿನ ಮಾನಸಗಂಗೋತ್ರಿಯಲ್ಲಿ 1965ರಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ಇದೆಯಷ್ಟೆ. ಶಬ್ದ ನುಸುಳದ ಕೋಣೆಯೊಂದರಲ್ಲಿ ಅಜ್ಜಿಯನ್ನು ಕೂರಿಸಿ, ಸಣ್ಣ ದನಿಯಿಂದ ದೊಡ್ಡ ದನಿಯವರೆಗೆ ಕೇಳಿಸಿ, ಯಾವ ಸ್ವರ ಎಷ್ಟು ಕೇಳಿಸುತ್ತದೆಂದು ಕಾಗದದ ಮೇಲೆ ಗೆರೆ ಎಳೆದರು. ಕಿವಿ ಎಲ್ಲವನ್ನೂ ಒಂದೇ ಸಮನೆ ಕಳೆದುಕೊಳ್ಳುವುದಿಲ್ಲವೆಂದೂ, ಮುಪ್ಪಿನಲ್ಲಿ ಮೊದಲು ಹೋಗುವುದು ಎತ್ತರದ ಸ್ವರಗಳೆಂದೂ ನನಗೆ ಆಗಲೇ ತಿಳಿದದ್ದು. ಗಂಡಸರ ಗೊಗ್ಗರು ದನಿ ಕೇಳಿಸಿದರೂ ಮಕ್ಕಳ ಮಾತು ಕೇಳಿಸದಿರುವುದು ಇದಕ್ಕೇ. ಆ ಗೆರೆಗೆ ಹೊಂದಿಸಿ, ಕಿವಿಯ ಹಿಂದೆ ಕೂರುವ ಯಂತ್ರವೊಂದನ್ನು ಕೊಟ್ಟರು.

ಮನೆಗೆ ಬಂದ ಮೊದಲ ದಿನ ಅಜ್ಜಿ ಕಂಗಾಲಾದಳು. ಪಾತ್ರೆ ಬಿದ್ದರೆ ಸಿಡಿಲು, ಹಪ್ಪಳ ಮುರಿದರೆ ಮರ ಮುರಿದಂತೆ. ‘ಇಷ್ಟೊಂದು ಗದ್ದಲ ಇತ್ತಾ ಈ ಮನೇಲಿ?’ ಎಂದು ಕೇಳಿದಳು. ಒಂದು ವಾರ ಯಂತ್ರ ಗೂಡಿನಲ್ಲಿ ದೇವರ ಪಕ್ಕದಲ್ಲಿ ಕುಳಿತಿತು. ಆಮೇಲೆ ತಾನಾಗಿಯೇ ತೆಗೆದು ಹಾಕಿಕೊಂಡಳು. ಕೆಲವು ದಿನಗಳಲ್ಲಿಯೇ ಅದರ ನಿಜವಾದ ಉಪಯೋಗವನ್ನು ಕಂಡುಹಿಡಿದಳು. ನನ್ನ ಮಾತು ಬೇಕಾದಾಗ ಹಾಕಿಕೊಳ್ಳುವಳು. ಪಕ್ಕದ ಮನೆಯವರು ಸೊಸೆಯ ಮೇಲೆ ದೂರು ಹೇಳಲು ಬಂದೊಡನೆ, ಸೆರಗು ಸರಿಮಾಡಿಕೊಳ್ಳುವ ನೆಪದಲ್ಲಿ ತೆಗೆದು ಮಡಿಲಲ್ಲಿ ಇಟ್ಟುಕೊಂಡು, ‘ಹೌದಾ, ಅಯ್ಯೋ ಪಾಪ’ ಎಂದು ತಲೆಯಾಡಿಸುವಳು. ‘ದೇವರು ಕೊಟ್ಟ ಕಿವೀನ ಮುಚ್ಚೋಕಾಗಲ್ಲ ಕಣ್ಲಾ, ಇದನ್ನ ಮುಚ್ಚಬಹುದು’ ಎಂದು ಒಮ್ಮೆ ಹೇಳಿದಳು.

ಎರಡನೆಯದು ರಕ್ತದೊತ್ತಡ ನೋಡುವ ಯಂತ್ರ. ತೋಳಿಗೆ ಪಟ್ಟಿ ಸುತ್ತಿ ಗಾಳಿ ತುಂಬುವ ಉಪಾಯವನ್ನು ಇಟಲಿಯ ರಿವಾ-ರೊಚ್ಚಿ ಎಂಬ ವೈದ್ಯ 1896ರಲ್ಲಿ ಕಂಡುಹಿಡಿದನು. ಆ ಪಟ್ಟಿಯ ಕೆಳಗೆ ಕೊಳವೆಯಿಟ್ಟು ರಕ್ತ ಹರಿಯುವ ಸದ್ದನ್ನು ಕೇಳಬೇಕೆಂದು 1905ರಲ್ಲಿ ರಷ್ಯದ ಕೊರೊಟ್ಕಾಫ್ ತೋರಿಸಿಕೊಟ್ಟನು. ನೂರು ವರ್ಷಗಳ ಕಾಲ ಅದು ವೈದ್ಯರ ಕೈಯ ವಿದ್ಯೆಯಾಗಿತ್ತು. ಈಗ ಪಟ್ಟಿಯ ಮಿಡಿತವನ್ನು ತಾನೇ ಅಳೆದು ಅಂಕಿ ತೋರಿಸುವ ಪೆಟ್ಟಿಗೆ ಮನೆಮನೆಗೆ ಬಂದಿದೆ. ಚಿಕ್ಕಪ್ಪ ತಂದುಕೊಟ್ಟ ಪೆಟ್ಟಿಗೆ ಇನ್ನೂ ಒಂದು ಹೆಜ್ಜೆ ಮುಂದೆ: ಅಂಕಿಯನ್ನು ಬೆಂಗಳೂರಿಗೂ ಕಳಿಸುತ್ತದೆ.

ಮೊದಮೊದಲು ಅಜ್ಜಿ ಅದರ ಮುಂದೆ ಪೂಜೆಗೆ ಕುಳಿತವಳಂತೆ ಕೂರುತ್ತಿದ್ದಳು. ಅಂಕಿ 150 ದಾಟಿದ ಸಂಜೆ ಚಿಕ್ಕಪ್ಪನ ಫೋನು ಬರುತ್ತಿತ್ತು: ‘ಅಮ್ಮ, ಮತ್ತೆ ಉಪ್ಪಿನಕಾಯಿ ತಿಂದ್ಯಾ?’ ಇಂಥ ನಾಲ್ಕು ಫೋನುಗಳಾದ ಮೇಲೆ, ಮೊದಲು ಅಳತೆ, ಆಮೇಲೆ ಉಪ್ಪಿನಕಾಯಿ ಎಂಬ ಕ್ರಮ ನಮ್ಮ ಮನೆಯಲ್ಲಿ ರೂಢಿಗೆ ಬಂದಿತು. ಅಜ್ಜಿ ಆ ಪೆಟ್ಟಿಗೆಗೆ ‘ಚಾಡಿಬುರುಕ’ ಎಂದು ಹೆಸರಿಟ್ಟಳು. ನಮ್ಮ ಬೀದಿಯ ಸರ್ಕಾರಿ ಆಸ್ಪತ್ರೆಯ ನರ್ಸಮ್ಮ ಬಂದು ನೋಡಿದಾಗಲೂ ಅಂಕಿ 150 ದಾಟುತ್ತಿತ್ತು. ಆದರೆ ಆಕೆ ಗದರುತ್ತಿರಲಿಲ್ಲ. ಕುಳಿತು, ‘ರಾತ್ರಿ ನಿದ್ದೆ ಬರ್ತದಾ ಅಜ್ಜಿ? ಏನಾದ್ರೂ ಯೋಚ್ನೆ ಹಚ್ಕೊಂಡಿದ್ದೀರಾ?’ ಎಂದು ಕೇಳುತ್ತಿದ್ದಳು. ಅಜ್ಜಿ ಆಕೆಯ ಮುಂದೆ ಉಪ್ಪಿನಕಾಯಿಯ ಸಂಗತಿಯನ್ನು ತಾನಾಗಿಯೇ ಒಪ್ಪಿಕೊಳ್ಳುತ್ತಿದ್ದಳು.

ಮೂರನೆಯದು ಕ್ಯಾಮೆರಾ. ಒಂದು ಯುಗಾದಿಗೆ ಬಂದ ಚಿಕ್ಕಪ್ಪ ನಡುಮನೆಯ ತೊಲೆಯ ಮೇಲೆ ಬಿಳಿಯ ಗುಂಡನೆಯ ಕಣ್ಣೊಂದನ್ನು ಕೂರಿಸಿದರು. ಬೆಂಗಳೂರಿನಿಂದಲೇ ಅಮ್ಮನನ್ನು ನೋಡಬಹುದೆಂದು ಅವರಿಗೆ ಸಮಾಧಾನ. ಅವರ ಆತಂಕ ಸುಳ್ಳಲ್ಲ. ಕಚೇರಿಯಲ್ಲಿ ಕುಳಿತವರಿಗೆ ಎಂಬತ್ತರ ತಾಯಿಯ ನೆನಪು ಬಂದರೆ ಎದೆ ಧಸಕ್ಕೆನ್ನುವುದು ಸಹಜ. ಅಜ್ಜಿ ಮೊದಲು ಹಿಗ್ಗಿದಳು. ‘ಇದರಲ್ಲಿ ನಿನ್ನ ಮಗ ಇದ್ದಾನೆ’ ಎಂದು ಯಾರೋ ತಮಾಷೆಗೆ ಹೇಳಿದ್ದನ್ನು ನಿಜವೆಂದೇ ನಂಬಿದಳೋ ಏನೋ, ಬೆಳಗ್ಗೆ ತೊಲೆಯತ್ತ ನೋಡಿ, ‘ತಿಂಡಿ ಆಯ್ತೇನಪ್ಪ?’ ಎಂದು ಕೇಳುವಳು. ರಾತ್ರಿ ದೀಪ ಆರಿಸುವ ಮುಂಚೆ, ‘ಮಲಕ್ಕತೀನಪ್ಪ’ ಎಂದು ಹೇಳುವಳು. ಉತ್ತರ ಬರುತ್ತಿರಲಿಲ್ಲ. ಒಂದು ದಿನ ನನ್ನನ್ನು ಕೇಳಿದಳು:

‘ಅವನು ಯಾವಾಗ್ಲೂ ನೋಡ್ತಿರ್ತಾನೇನ್ಲಾ?’

‘ಇಲ್ಲಜ್ಜಿ, ಏನಾದರೂ ವಿಶೇಷ ಅಲುಗಾಡಿದರೆ ಅವರ ಫೋನು ಹೇಳುತ್ತದೆ. ಆಗ ನೋಡುತ್ತಾರೆ.’

‘ಹಂಗಾದ್ರೆ ನಾನು ಬಿದ್ರೆ ನೋಡ್ತಾನೆ, ಕೂತಿದ್ರೆ ನೋಡಲ್ಲ.’

ನಾನು ಮಾತಾಡಲಿಲ್ಲ. ಮಾರನೆಯ ದಿನ ಕಾಲೇಜಿನಿಂದ ಬಂದು ನೋಡುತ್ತೇನೆ, ಕಣ್ಣಿನ ಮೇಲೆ ಒದ್ದೆ ಟವೆಲು. ತಲೆ ಬಾಚಿಕೊಳ್ಳುವಾಗ ಯಾರೂ ನೋಡಬಾರದೆಂದಳು. ನ್ಯಾಯವಾದ ಮಾತು. ಒಂದು ವಾರದ ಮೇಲೆ, ಮೂಲೆಯಲ್ಲಿ ಕೊಬ್ಬರಿಗೆಂದು ಒಟ್ಟಿದ್ದ ಕಾಯಿರಾಶಿಯ ಕಡೆಗೆ ಕಣ್ಣು ತಿರುಗಿತ್ತು. ‘ಕಾಯಿ ಕಾಯ್ಲಿ ಬಿಡು, ಅದಕ್ಕೂ ಒಂದು ಕೆಲಸ ಬೇಕಲ್ಲ’ ಎಂದಳು. ಚಿಕ್ಕಪ್ಪ ಎರಡು ತಿಂಗಳು ತೆಂಗಿನಕಾಯಿಯನ್ನೇ ನೋಡಿದರು.

ಈ ಸೋಲಿನ ಮೇಲೆ ಬಂದದ್ದು ನಾಲ್ಕನೆಯದು, ಅಂದರೆ ಕೊರಳಿನ ಗುಂಡಿ. ಕಪ್ಪು ದಾರದಲ್ಲಿ ಪೋಣಿಸಿದ, ಎರಡು ರೂಪಾಯಿ ನಾಣ್ಯದಗಲದ ಒಂದು ಬಿಲ್ಲೆ. ನಡುವೆ ಕೆಂಪು ಗುಂಡಿ. ಒತ್ತಿದರೆ ನನ್ನ ಕೋಣೆಯಲ್ಲಿ ಗಂಟೆ ಹೊಡೆಯುತ್ತದೆ. ಅದೇ ಕ್ಷಣದಲ್ಲಿ ಬೆಂಗಳೂರಿನಲ್ಲಿ ಚಿಕ್ಕಪ್ಪನ ಫೋನೂ ಬಡಿದುಕೊಳ್ಳುತ್ತದೆ. ಅಜ್ಜಿಗೆ ಇದು ಹಿಡಿಸಿತು. ನೋಡುವ ಕಣ್ಣಲ್ಲ, ಚಾಡಿ ಹೇಳುವ ಬಾಯಲ್ಲ. ತಾನಾಗಿ ಕರೆದರೆ ಮಾತ್ರ ಕೂಗುವ ವಸ್ತು. ಮಾಂಗಲ್ಯವಿಲ್ಲದ ಕೊರಳಿಗೆ ಏನೋ ಒಂದು ಬಂದಿತೆಂದು ನಕ್ಕು ಹಾಕಿಕೊಂಡಳು.

ಹಿಡಿಸಿದ್ದು ಕೊಂಚ ಹೆಚ್ಚೇ ಆಯಿತು. ನನ್ನ ಕೋಣೆ ಹಿತ್ತಲ ಕಡೆಗೆ, ಅಟ್ಟದ ಮೇಲೆ. ಮೆಟ್ಟಿಲು ಹತ್ತಲಾರದ ಅಜ್ಜಿಗೆ ನನ್ನನ್ನು ಕರೆಯಲು ಗುಂಡಿ ಒಳ್ಳೆಯ ಸಾಧನವಾಯಿತು. ಗಂಟೆ ಹೊಡೆದರೆ ನಾನು ಹಾರಿಬಿದ್ದು ಇಳಿದು ಬರುವೆ, ‘ಹಾಲು ಕುಡ್ದ್ಯಾ?’ ಎಂದು ಕೇಳುವಳು. ಇನ್ನೊಮ್ಮೆ, ‘ಗೋಡೆ ಮೇಲೆ ಹಲ್ಲಿ, ಕಡ್ಡೀಲಿ ಓಡ್ಸು.’ ಮತ್ತೊಮ್ಮೆ, ‘ಏನಿಲ್ಲ, ಹೊಡೀತದೋ ಇಲ್ವೋ ಅಂತ ನೋಡ್ದೆ.’ ಅತ್ತ ಚಿಕ್ಕಪ್ಪ ಸಭೆಯ ನಡುವಿನಿಂದ ಎದ್ದು ಬಂದು ನನಗೆ ಫೋನು ಮಾಡಿ, ‘ಏನಾಯ್ತೋ?’ ಎಂದು ಗಾಬರಿಯಿಂದ ಕೇಳುವರು. ಹಲ್ಲಿಯ ಸಮಾಚಾರವನ್ನು ಹೇಗೆ ಹೇಳಲಿ?

2023ರ ಮಳೆಗಾಲ. ಪರೀಕ್ಷೆಗೆ ನಾಲ್ಕು ದಿನಗಳು ಉಳಿದಿದ್ದುವು. ಒಂದು ಸಂಜೆ ಮೂರು ಸಲ ಗಂಟೆ ಹೊಡೆಯಿತು. ಮೂರನೆಯ ಸಲ ನಾನು ಕೆಳಗಿಳಿದು ಬಂದು ಗಟ್ಟಿಯಾಗಿಯೇ ಗದರಿದೆ: ‘ಅಜ್ಜಿ, ಇದು ಆಟದ ಸಾಮಾನಲ್ಲ. ಪ್ರಾಣ ಹೋಗೋ ಹಾಗಿದ್ದರೆ ಮಾತ್ರ ಒತ್ತು. ನನಗೆ ಓದೋದಿದೆ.’ ಅಜ್ಜಿ ಕೈಯಲ್ಲಿದ್ದ ತಟ್ಟೆಯನ್ನು ಕೆಳಗಿಟ್ಟಳು. ಅದರಲ್ಲಿ ನನಗೆಂದು ಕರಿದ ನಾಲ್ಕು ನಿಪ್ಪಟ್ಟುಗಳಿದ್ದುವು. ‘ಆಯ್ತು ಕಣಪ್ಪ’ ಎಂದಳು. ಅಂದಿನಿಂದ ಗಂಟೆ ಹೊಡೆಯಲಿಲ್ಲ. ಓದು ನಿರಾತಂಕವಾಗಿ ಸಾಗಿತು.

ಪರೀಕ್ಷೆಯ ಹಿಂದಿನ ರಾತ್ರಿ ನಾನು ಮೂರು ಗಂಟೆ ದಾಟುವವರೆಗೆ ಓದುತ್ತಿದ್ದೆ. ಕಿವಿಗೆ ಇಯರ್‌ಫೋನು ಸಿಕ್ಕಿಸಿಕೊಂಡು ಪಾಠವೊಂದನ್ನು ಕೇಳುತ್ತಿದ್ದೆ. ಆಮೇಲೆ ದೀಪ ಆರಿಸಿ ಮಲಗಿದೆ. ಬೆಳಗಿನ ಐದೂವರೆಗೆ ಕೆಳಗಿಳಿದು ಹಿತ್ತಲ ಬಾಗಿಲು ತೆರೆದಾಗ, ಬಚ್ಚಲುಮನೆಯ ಮುಂದಿನ ಕಲ್ಲುಚಪ್ಪಡಿಯ ಮೇಲೆ ಅಜ್ಜಿ ಮಲಗಿದ್ದಳು. ಸೀರೆ ಮಳೆಯ ಹನಿಗೆ ನೆನೆದಿತ್ತು. ಕೈಕಾಲು ತಣ್ಣಗಾಗಿದ್ದುವು. ಕಣ್ಣು ತೆರೆದೇ ಇತ್ತು. ‘ಎದ್ದ್ಯಾ? ಪರೀಕ್ಷೆಗೆ ಹೊತ್ತಾಯ್ತು ನೋಡು’ ಎಂದಳು. ಕೊರಳಿನಲ್ಲಿ ಕೆಂಪು ಗುಂಡಿ ಇದ್ದಂತೆಯೇ ಇತ್ತು.

ಅಂದಿನ ಪರೀಕ್ಷೆಗೆ ನಾನು ಹೋಗಲಿಲ್ಲ. ಹಾಸನದ ಆಸ್ಪತ್ರೆಯಲ್ಲಿ ತೊಡೆಯ ಮೂಳೆಗೆ ಸಲಾಕೆ ಹಾಕಿ ಕೂಡಿಸಿದರು. ಮುರಿದ ಮೂಳೆಯಷ್ಟೇ ಅಪಾಯ, ಬಿದ್ದು ಎದ್ದೇಳಲಾಗದೆ ನೆಲದ ಮೇಲೆ ಕಳೆದ ಹೊತ್ತಿನಲ್ಲಿಯೂ ಇದೆಯೆಂದು ವೈದ್ಯರು ಹೇಳಿದರು. ಥಂಡಿ ಹಿಡಿಯುತ್ತದೆ, ನೀರಿಲ್ಲದೆ ದೇಹ ಬತ್ತುತ್ತದೆ, ಒತ್ತಿದ ಕಡೆ ಚರ್ಮ ಮಾಂಸ ಕೆಡುತ್ತವೆ. ಎಷ್ಟು ಹೊತ್ತು ಮಲಗಿದ್ದಳೆಂದು ಕೇಳಿದರು. ನನಗೆ ತಿಳಿಯದು. ಮೂರನೆಯ ದಿನ ಅಜ್ಜಿಯೇ ಹೇಳಿದಳು. ಬಿದ್ದಾಗ ನನ್ನ ಕಿಟಕಿಯಲ್ಲಿ ದೀಪ ಉರಿಯುತ್ತಿತ್ತಂತೆ. ಎರಡು ಸಲ ‘ಮಗಾ’ ಎಂದು ಕರೆದಳಂತೆ. ಅವಳ ಕಿವಿಯ ಯಂತ್ರ ಗೂಡಿನಲ್ಲಿತ್ತು. ನನ್ನ ಕಿವಿಯ ಯಂತ್ರ ಕಿವಿಯಲ್ಲಿತ್ತು. ಸ್ವಲ್ಪ ಹೊತ್ತಾದ ಮೇಲೆ ದೀಪ ಆರಿತಂತೆ. ‘ಪಾಪ, ಈಗ ಮಲಗ್ದ, ಒಂದು ಗಳಿಗೆ ನಿದ್ದೆ ಮಾಡ್ಲಿ’ ಎಂದುಕೊಂಡಳಂತೆ.

‘ಗುಂಡಿ ಯಾಕಜ್ಜಿ ಒತ್ತಲಿಲ್ಲ?’ ಎಂದೆ.

‘ಪ್ರಾಣ ಹೋಗೋ ಹಂಗಿದ್ರೆ ಒತ್ತು ಅಂದಿದ್ಯಲ್ಲಪ್ಪ. ಪ್ರಾಣ ಹೋಗೋ ಹಂಗಿರ್ಲಿಲ್ಲ. ಸೊಂಟ ಹೋಗಿತ್ತು, ಅಷ್ಟೆ.’

ಅವಳು ವ್ಯಂಗ್ಯವಾಗಿ ಆಡಿದ ಮಾತಲ್ಲ. ಹೇಳಿದ್ದನ್ನು ಹೇಳಿದ ಹಾಗೆ ಪಾಲಿಸಿದ್ದಳು. ನಾನು ಹೊರಗೆ ಬಂದು ಆಸ್ಪತ್ರೆಯ ಮೆಟ್ಟಿಲ ಮೇಲೆ ಬಹಳ ಹೊತ್ತು ಕುಳಿತೆ.

ಕಾಲೇಜು ತೆರೆದ ಮೇಲೆ ಸಮಾಜಶಾಸ್ತ್ರದ ಅಧ್ಯಾಪಕರೊಬ್ಬರಿಗೆ ಈ ವಿಷಯ ತಿಳಿಸಿದೆ. ಅವರು ಸಮಾಧಾನದ ಮಾತು ಹೇಳಲಿಲ್ಲ. ಒಂದು ಲೇಖನ ಓದಲು ಕೊಟ್ಟರು. ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ತೊಂಬತ್ತು ದಾಟಿದ ಮುದುಕರನ್ನು ಒಂದು ವರ್ಷ ಕಾಲ ಗಮನಿಸಿ ಬರೆದದ್ದು, 2008ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾದದ್ದು. ಆ ಊರಿನಲ್ಲಿ ಇಂಥ ಕರೆಗುಂಡಿಗಳು ಬಹುಮಂದಿಯಲ್ಲಿದ್ದುವು. ಆದರೂ ಒಬ್ಬರೇ ಇರುವಾಗ ಬಿದ್ದು ಎದ್ದೇಳಲಾಗದೆ ಹೋದವರಲ್ಲಿ ಹೆಚ್ಚಿನವರು ಗುಂಡಿಯನ್ನು ಒತ್ತಿರಲಿಲ್ಲ. ಓದಿ ನನಗೆ ಆಶ್ಚರ್ಯವಾಯಿತು. ಅರಸೀಕೆರೆಯ ಹಿತ್ತಲಿನಲ್ಲಿ ಬಿದ್ದ ನಮ್ಮಜ್ಜಿಯಂಥವರು ಸಮುದ್ರದಾಚೆಯೂ ಇದ್ದಾರೆ! ಒಬ್ಬರಿಗೆ ತೊಂದರೆ ಕೊಡಬಾರದೆಂಬ ಸಂಕೋಚಕ್ಕೆ ದೇಶಭೇದವಿಲ್ಲವೆಂದು ಕಾಣುತ್ತದೆ. ಯಂತ್ರ ಮಾಡಿದವರು ಬೆರಳಿಗೆ ಗುಂಡಿ ಕೊಟ್ಟರು. ಒತ್ತುವುದಕ್ಕೆ ಬೇಕಾದ ಗುಂಡಿಗೆಯನ್ನು ಮನೆಯವರು ಕೊಡಬೇಕಾಗಿತ್ತು. ನಾನು ಕೊಟ್ಟಿರಲಿಲ್ಲ.

ನಮ್ಮ ದೇಶದಲ್ಲಿ 2011ರ ಜನಗಣತಿಯಂತೆ ಅರುವತ್ತು ದಾಟಿದವರು ಹತ್ತು ಕೋಟಿಗಿಂತ ಹೆಚ್ಚು. ತಂದೆತಾಯಿಗಳ ಪೋಷಣೆ ಮಕ್ಕಳ ಹೊಣೆಯೆಂದು 2007ರಲ್ಲಿ ಕಾನೂನೇ ಆಗಿದೆ. ಕಾನೂನು ಅನ್ನಕ್ಕೆ ಹಣ ಕೊಡಿಸಬಲ್ಲದು. ‘ಯಾವಾಗ ಬೇಕಾದರೂ ಕರೆ’ ಎಂಬ ಮಾತನ್ನು ಅದು ಕೊಡಿಸಲಾರದು. ಅಂಗಡಿಯಲ್ಲಿಯೂ ಅದು ಸಿಕ್ಕುವುದಿಲ್ಲ.

ಆಸ್ಪತ್ರೆಯಿಂದ ಬಂದ ಮೇಲೆ ಅಜ್ಜಿ ಎರಡು ತಿಂಗಳು ಹಾಸಿಗೆಯಲ್ಲಿದ್ದಳು. ಹೊತ್ತು ಕಳೆಯಲೆಂದು ನಾನು ಏನಾದರೂ ಓದಿ ಹೇಳುತ್ತಿದ್ದೆ. ಒಂದು ದಿನ ಜಪಾನಿನ ಪಾರೊ ಎಂಬ ಯಂತ್ರದ ಕಥೆ ಹೇಳಿದೆ. ಅದು ಬಿಳಿಯ ತುಪ್ಪಳದ ಸೀಲ್ ಮರಿ. ತಕನೋರಿ ಶಿಬಾತ ಎಂಬ ವಿಜ್ಞಾನಿ 1993ರಿಂದ ದುಡಿದು ಮಾಡಿದ್ದು. 2005ರಲ್ಲಿ ಮಾರಾಟಕ್ಕೆ ಬಂದಿತು. ಮುಟ್ಟಿದರೆ ಕಣ್ಣು ಪಿಳುಕಿಸುತ್ತದೆ, ಕರೆದರೆ ತಲೆ ತಿರುಗಿಸುತ್ತದೆ. ಮರೆವಿನ ಮುದುಕರು ಅದನ್ನು ತೊಡೆಯ ಮೇಲೆ ಇಟ್ಟುಕೊಂಡು ಸಮಾಧಾನಗೊಳ್ಳುತ್ತಾರೆ.

‘ಅದಕ್ಕೆ ಊಟ?’ ಎಂದಳು ಅಜ್ಜಿ.

‘ಊಟವಿಲ್ಲ, ಕರೆಂಟು. ಮಕ್ಕಳು ಚೀಪುವ ರಬ್ಬರಿನ ತೊಟ್ಟಿನ ಹಾಗಿರುವುದನ್ನು ಬಾಯಿಗೆ ಇಟ್ಟರೆ ಅದರಿಂದ ಕರೆಂಟು ತುಂಬುತ್ತದೆ.’

ಅಜ್ಜಿಯ ಮುಖ ಅರಳಿತು. ‘ಮಾಡ್ದೋನು ಬುದ್ಧಿವಂತ ಕಣ್ಲಾ. ಮುದುಕರನ್ನ ನೋಡ್ಕಳಕ್ಕೆ ಯಂತ್ರ ಕೊಡ್ಲಿಲ್ಲ. ಮುದುಕರು ನೋಡ್ಕಳಕ್ಕೆ ಒಂದು ಮರಿ ಕೊಟ್ಟ’ ಎಂದಳು.

ನಿಪ್ಪಟ್ಟಿನ ತಟ್ಟೆ ನನ್ನ ಕಣ್ಣ ಮುಂದೆ ಬಂದಿತು. ಅಂದು ಮೂರನೆಯ ಸಲ ಅವಳು ಗುಂಡಿ ಒತ್ತಿದ್ದು ಏನನ್ನೋ ಕೇಳುವುದಕ್ಕಲ್ಲ, ಕೊಡುವುದಕ್ಕೆ.

ಅಷ್ಟರಲ್ಲಿ ನವೆಂಬರ್ ಬಂದಿತು. ತಾತನ ಕುಟುಂಬ ಪಿಂಚಣಿ ಅಜ್ಜಿಗೆ ಬರುವುದರಿಂದ, ಅವಳು ವರ್ಷಕ್ಕೊಮ್ಮೆ ತಾನು ಬದುಕಿರುವುದಾಗಿ ಸರ್ಕಾರಕ್ಕೆ ತಿಳಿಸಬೇಕು. ಮೊದಲು ಬ್ಯಾಂಕಿಗೆ ಹೋಗಿ ಸಹಿ ಹಾಕುತ್ತಿದ್ದಳು. 2014ರಲ್ಲಿ ‘ಜೀವನ್ ಪ್ರಮಾಣ್’ ಎಂಬ ವ್ಯವಸ್ಥೆ ಬಂದು, ಗಾಜಿನ ಮೇಲೆ ಬೆರಳಿಟ್ಟರೆ ಸಾಕೆಂದಾಯಿತು. ಆದರೆ ಅರುವತ್ತು ವರ್ಷ ಬೂದಿ ಹಾಕಿ ಪಾತ್ರೆ ಬೆಳಗಿದ ಬೆರಳುಗಳಲ್ಲಿ ಗೆರೆಗಳೆಲ್ಲಿ ಉಳಿದಾವು? ಹತ್ತು ಬೆರಳಿಟ್ಟರೂ ಯಂತ್ರ ಒಪ್ಪುತ್ತಿರಲಿಲ್ಲ. 2021ರ ನವೆಂಬರಿನಲ್ಲಿ ಮುಖ ನೋಡಿ ಗುರುತಿಸುವ ಕ್ರಮವೂ ಬಂದಿತು. ಈ ಸಲ ನಾನು ಹಾಸಿಗೆಯ ಪಕ್ಕದಲ್ಲಿಯೇ ಕುಳಿತು ಫೋನನ್ನು ಅವಳ ಮುಖಕ್ಕೆ ಹಿಡಿದು, ‘ಕಣ್ಣು ಮಿಟುಕಿಸಜ್ಜಿ’ ಎಂದೆ. ಮಿಟುಕಿಸಿದಳು. ಕೆಲಸ ಮುಗಿಯಿತು. ಆಟೋ ಇಲ್ಲ, ಸಾಲು ಇಲ್ಲ, ಬಿಸಿಲಿಲ್ಲ. ‘ನೋಡಿದೆಯಾ, ಎಷ್ಟು ಸುಲಭ!’ ಎಂದು ನಾನು ಬೀಗಿದೆ.

ಅಜ್ಜಿ ಸುಮ್ಮನಿದ್ದಳು. ಆಮೇಲೆ ಹೇಳಿದಳು: ‘ಸುಲಭವೇನೋ ಹೌದು. ನಾನೇನು ಬದುಕಿರೋದ ತೋರ್ಸಕ್ಕೆ ಬ್ಯಾಂಕಿಗೆ ಹೋಯ್ತಿದ್ನಾ? ಇನ್ನೂ ಯಾರ್‍ಯಾರು ಬದುಕವ್ರೆ ಅಂತ ನೋಡಕ್ಕೆ ಹೋಯ್ತಿದ್ದೆ.’

ನನಗೆ ಹೊಳೆದಿರಲಿಲ್ಲ. ರೈಲ್ವೆ ವಸತಿಗಳಲ್ಲಿ ಅಕ್ಕಪಕ್ಕ ಬಾಳಿ, ಈಗ ಊರಿನ ಬೇರೆ ಬೇರೆ ಮೂಲೆಗಳಲ್ಲಿ ಮಕ್ಕಳ ಮನೆ ಸೇರಿರುವ ಐದಾರು ಮುದುಕಿಯರು ವರ್ಷಕ್ಕೊಮ್ಮೆ ಒಟ್ಟಾಗುತ್ತಿದ್ದುದು ಬ್ಯಾಂಕಿನ ಆ ಬೆಂಚಿನ ಮೇಲೆಯೇ. ಯಂತ್ರ ಅವಳಿಗೆ ಸಾಲನ್ನು ತಪ್ಪಿಸಿತು; ಸಾಲಿನಲ್ಲಿದ್ದವರನ್ನೂ ತಪ್ಪಿಸಿತು. ಇದು ಯಂತ್ರದ ದೋಷವಲ್ಲ. ಅದು ಉಳಿಸಿಕೊಟ್ಟ ಹೊತ್ತನ್ನು ಏನು ಮಾಡಬೇಕೆಂಬುದು ನಮ್ಮ ಪಾಲಿನ ಕೆಲಸ. ಡಿಸೆಂಬರಿನಲ್ಲಿ ಅಜ್ಜಿ ವಾಕರ್ ಹಿಡಿದು ನಡೆಯುವಂತಾದ ಮೇಲೆ, ಒಂದು ಆಟೋ ಗೊತ್ತುಮಾಡಿ ಆ ಗೆಳತಿಯರ ಮನೆಮನೆಗೆ ಅವಳನ್ನು ಕರೆದೊಯ್ದೆ. ಇಬ್ಬರು ಇರಲಿಲ್ಲ, ಮೂವರು ಇದ್ದರು. ಕಿವಿಯ ಯಂತ್ರವನ್ನು ಅಂದು ಅವಳು ಒಮ್ಮೆಯೂ ತೆಗೆಯಲಿಲ್ಲ.

ಮರಳಿ ಬರುವಾಗ ರೈಲ್ವೆ ಗೇಟು ಹಾಕಿತ್ತು. ಕಾಯುತ್ತ ಕುಳಿತಾಗ ಅಜ್ಜಿ ತಾತನ ಕಾಲದ ಮಾತು ತೆಗೆದಳು. ಮೀಟರ್ ಗೇಜಿನ ದಿನಗಳಲ್ಲಿ, ಹಾಸನದ ದಾರಿಯ ಸಣ್ಣ ನಿಲ್ದಾಣವೊಂದರಲ್ಲಿ ಅವರ ವಸತಿ. ಒಂದೇ ಜೋಡಿ ಹಳಿ. ಎದುರುಬದುರು ಗಾಡಿಗಳು ಬಂದರೆ ಅನಾಹುತ. ಆದ್ದರಿಂದ ಎರಡು ನಿಲ್ದಾಣಗಳಲ್ಲಿ ತಂತಿಯಿಂದ ಕೂಡಿಸಿದ ಎರಡು ಯಂತ್ರಗಳು. ಈ ನಿಲ್ದಾಣದವರು ಗಂಟೆ ಹೊಡೆಯಬೇಕು. ಆ ನಿಲ್ದಾಣದವರು ಕೇಳಿಸಿಕೊಂಡು ಮರುಗಂಟೆ ಹೊಡೆಯಬೇಕು. ಅವರು ಒಪ್ಪಿದರೇನೇ ಈ ಯಂತ್ರದಿಂದ ಉಕ್ಕಿನ ಗುಂಡೊಂದು ಹೊರಬೀಳುತ್ತದೆ. ಅದನ್ನು ಚೀಲಕ್ಕೆ ಹಾಕಿ, ಬೆತ್ತದ ಬಳೆಗೆ ಕಟ್ಟಿ, ತಾತ ಡ್ರೈವರಿನ ಕೈಗೆ ಕೊಡುತ್ತಿದ್ದರು. ಆ ಗುಂಡಿಲ್ಲದೆ ಗಾಡಿ ಕದಲುವಂತಿರಲಿಲ್ಲ.

‘ರಾತ್ರಿ ಎಲ್ಲ ಆ ಗಂಟೆ ಕೇಳ್ತಿತ್ತು’ ಎಂದಳು ಅಜ್ಜಿ. ‘ಇತ್ಲಾಗೆ ಟಣ್ ಅಂದ್ರೆ ಅತ್ಲಾಗಿಂದ ಟಣ್. ಮರುಗಂಟೆ ಬಂದ್ರೆ ನಂಗೆ ನಿದ್ದೆ. ಮರುಗಂಟೆ ತಡವಾದ್ರೆ ನಿದ್ದೆ ಬರ್ತಿರ್ಲಿಲ್ಲ, ಆ ಕಡೆಯೋರು ಇದ್ದಾರೋ ಇಲ್ವೋ ಅಂತ.’

ಅವಳು ಯಾವುದನ್ನೋ ಮನಸ್ಸಿನಲ್ಲಿಟ್ಟುಕೊಂಡು ಹೇಳಿದಳೋ, ಗೇಟನ್ನು ನೋಡಿ ಸುಮ್ಮನೆ ಹೇಳಿದಳೋ ನಾನರಿಯೆ. ಆದರೆ ಈ ನಾಲ್ಕು ಯಂತ್ರಗಳಲ್ಲಿ ಅಜ್ಜಿ ಹುಡುಕುತ್ತಿದ್ದುದು ಏನೆಂಬುದು ನನಗೆ ಆಗ ತಿಳಿಯಿತು. ಕ್ಯಾಮೆರಾವನ್ನು ಅವಳು ಕೇಳಿದ್ದು, ಗುಂಡಿಯನ್ನು ಒತ್ತಿ ಒತ್ತಿ ನೋಡಿದ್ದು, ಎಲ್ಲವೂ ಒಂದೇ ಪ್ರಶ್ನೆ: ಆ ಕಡೆ ಯಾರಾದರೂ ಇದ್ದಾರೆಯೆ? ನಾನು ಅದಕ್ಕೆ ಗದರಿಕೆಯ ಉತ್ತರ ಕೊಟ್ಟಿದ್ದೆ.

ಅಂದು ರಾತ್ರಿ ನಾನು ಅಜ್ಜಿಯ ಹತ್ತಿರ ಕುಳಿತು ಹಳೆಯ ಕಟ್ಟಳೆಯನ್ನು ರದ್ದುಪಡಿಸಿದೆ. ಹೊಸ ಕಟ್ಟಳೆ ಹೀಗೆ: ಹಲ್ಲಿಗೂ ಒತ್ತಬಹುದು, ನಿಪ್ಪಟ್ಟಿಗೂ ಒತ್ತಬಹುದು, ಏನೂ ಇಲ್ಲದಿದ್ದರೂ ಒತ್ತಬಹುದು. ಇದಲ್ಲದೆ, ಪ್ರತಿರಾತ್ರಿ ಮಲಗುವ ಮುಂಚೆ ಒಂದು ಸಲ ಒತ್ತಲೇಬೇಕು. ಹಳೆಯ ಸೈಕಲ್ಲಿನ ಗಂಟೆಯನ್ನು ಬಿಚ್ಚಿ ನನ್ನ ಕಿಟಕಿಯ ಸರಳಿಗೆ ಕಟ್ಟಿದ್ದೇನೆ. ಅವಳ ಗಂಟೆ ಹೊಡೆದೊಡನೆ ನಾನು ಅದನ್ನು ಬಾರಿಸಬೇಕು. ಮರುಗಂಟೆ ಕೇಳಿಸಿದ ಮೇಲೆಯೇ ಕಿವಿಯ ಯಂತ್ರವನ್ನು ತೆಗೆದು ಗೂಡಿನಲ್ಲಿಡಬೇಕು. ಅಜ್ಜಿ ಒಪ್ಪಿದಳು. ಚಿಕ್ಕಪ್ಪ ಮಾತ್ರ ಮೊದಲ ರಾತ್ರಿ ಬೆದರಿ ಫೋನು ಮಾಡಿದರು. ವಿಷಯ ತಿಳಿದ ಮೇಲೆ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಈಗ ಅವರೂ ಆ ಗಂಟೆಗೆ ಫೋನು ಮಾಡಿ, ‘ಊಟ ಆಯ್ತೇನಮ್ಮ?’ ಎಂದು ಕೇಳುತ್ತಾರೆ. ಕ್ಯಾಮೆರಾವನ್ನು ಕಾಯಿರಾಶಿಯಿಂದ ತಿರುಗಿಸಬೇಕೆಂದು ಅವರು ಕೇಳಿಲ್ಲ.

ಒಂದು ಮಾತನ್ನು ಮರೆಮಾಚಬಾರದು. ತಪ್ಪಿಸಿಕೊಂಡ ಪತ್ರಿಕೆಗೆ ಮತ್ತೆ ಕುಳಿತು ಪಾಸಾದೆ. ಅಜ್ಜಿಯ ಕಾಲು ಮಾತ್ರ ಮೊದಲಿನಂತಾಗಲಿಲ್ಲ. ಹಿತ್ತಲಿಗೆ ಈಗ ಅವಳು ಒಬ್ಬಳೇ ಹೋಗಲಾರಳು. ಒತ್ತುತ್ತಾಳೆ, ನಾನು ಇಳಿದು ಬರುತ್ತೇನೆ. ಕೆಲವು ರಾತ್ರಿ ಎರಡು ಸಲ, ಕೆಲವು ರಾತ್ರಿ ಮೂರು ಸಲ. ನಿದ್ದೆಗಣ್ಣಿನಲ್ಲಿ ಒಮ್ಮೊಮ್ಮೆ ನನಗೆ ಈಗಲೂ ಬೇಸರವಾಗುವುದುಂಟು. ಮೆಟ್ಟಿಲು ಇಳಿಯುವಷ್ಟರಲ್ಲಿ ಅದನ್ನು ಮುಖದಿಂದ ಒರೆಸಿಕೊಳ್ಳುತ್ತೇನೆ.

ಈ ಲೇಖನವನ್ನು ಬರೆಯುತ್ತಿರುವಾಗ ಈಗತಾನೆ ಗಂಟೆ ಹೊಡೆಯಿತು. ಸೈಕಲ್ಲಿನ ಗಂಟೆಯನ್ನು ಬಾರಿಸಿದೆ. ಕೆಳಗಿನಿಂದ ಅಜ್ಜಿಯ ದನಿ ಕೇಳಿಸಿತು: ‘ಲೈನ್ ಕ್ಲಿಯರ್ ಕಣ್ಲಾ, ಮಲಕ್ಕೊ.’